ಕೂಸುಗಳ ಖೋಲಿಗೆ ಸಿಕ್ಕ ಅನುದಾನ

ಜೋಗೇಶ್ವರಿಯ ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ದೊಡ್ಡಕ್ಕ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳು ಯಾರಿಗೂ ಸಂಬಂಧಿಯಲ್ಲ. ಎಲ್ಲರೂ ಹಾಗೆ ಕರೆಯುತ್ತಿದ್ದರು, ಅಷ್ಟೆ. ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಅವಳ ಮುಂದೆ ಇಳಿಸಿ, ಕೂಲಿಯವರು ನಿಲ್ಲುವ ನಾಕಾದ ಕಡೆ ಓಡುತ್ತಿದ್ದರು. ಕೈಲಾದವರು ಚಿಲ್ಲರೆ ಕೊಡುತ್ತಿದ್ದರು, ಆಗದವರು ಹಿಟ್ಟೋ ಎಣ್ಣೆಯೋ ತಂದಿಡುತ್ತಿದ್ದರು. ಹನ್ನೆರಡನೆಯದು ಮುಗಿಸಿ ಮನೆಯಲ್ಲಿದ್ದ ನಾನು ಸ್ವಲ್ಪ ದೊಡ್ಡ ಮಕ್ಕಳಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ.

ಆ ಖೋಲಿಯ ಬಾಗಿಲನ್ನು ಸೆಕೆಯಲ್ಲಿ ಮುಚ್ಚಿಡುವ ಹಾಗಿರಲಿಲ್ಲ. ಹೊಸ್ತಿಲು ದಾಟಿದರೆ ಮೋರಿ, ಮೋರಿ ದಾಟಿದರೆ ಕಾರ್ಖಾನೆಗಳಿಗೆ ಟೆಂಪೋ ಓಡಾಡುವ ರಸ್ತೆ. ಅದಕ್ಕೇ ದೊಡ್ಡಕ್ಕ ಅಂಬೆಗಾಲಿಡುವ ಕೂಸುಗಳ ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ ಸುತ್ತಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು. ಅವಳ ಒಬ್ಬಳೇ ಮಗಳು, ಆಗಷ್ಟೇ ಹೆಜ್ಜೆ ಇಡಲು ಕಲಿತವಳು, ಅಂಧೇರಿಯಲ್ಲಿ ಕಟ್ಟಡವೊಂದರ ನೀರಿನ ಟಾಕಿಗೆ ಬಿದ್ದು ಸತ್ತಿದ್ದಳು. ದೊಡ್ಡಕ್ಕ ಆಗ ತಲೆಯ ಮೇಲೆ ಜಲ್ಲಿ ಖಡಿ ಹೊತ್ತು ಮಾಳಿಗೆಯ ಮೇಲಿದ್ದಳಂತೆ. ಇದನ್ನು ನನಗೆ ಒಮ್ಮೆ ಹೇಳಿ, "ಯಾರ ಮುಂದೂ ಆಡಬ್ಯಾಡ" ಎಂದಿದ್ದಳು.

ಆ ವರ್ಷ ಮಾಟುಂಗದ ಒಂದು ಕನ್ನಡ ಸಂಘಕ್ಕೆ ಹೋಟೆಲ್ ಮಾಲೀಕರೊಬ್ಬರು ದೊಡ್ಡ ದೇಣಿಗೆ ಕೊಟ್ಟರು. ಬಡವರ ನಡುವೆ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ಅದನ್ನು ಹಂಚುವ ಕೆಲಸವನ್ನು ಸಂಘದ ಹಿರಿಯರು ತಮ್ಮ ಮಕ್ಕಳಿಗೇ ಬಿಟ್ಟರು. ಜವಾಬ್ದಾರಿ ಕಲಿಯಲಿ ಎಂಬುದು ಅವರ ಆಸೆ. ಮೈಸೂರು, ಬೆಂಗಳೂರು ಕಡೆಯ ಮನೆಗಳ ಕಾಲೇಜು ಹುಡುಗ ಹುಡುಗಿಯರು ಸೇರಿ ಯುವ ಸಮಿತಿ ಮಾಡಿಕೊಂಡರು. ನಾಟಕ ನೋಡಲು ಅಲ್ಲಿಗೆ ಹೋಗಿದ್ದ ನಮ್ಮಪ್ಪ ಈ ಸುದ್ದಿ ತಂದು, "ನೀವೂ ಕೇಳ್ರಿ, ಹೋಗೂದೇನೈತಿ?" ಎಂದರು. ನಾವು ಕೇಳಿದೆವು.

ನೋಡಲು ಇಬ್ಬರು ಬಂದರು. ಒಬ್ಬಳು ಕನ್ನಡಕದ ಹುಡುಗಿ, ಮೆಲುಮಾತಿನವಳು. ಇನ್ನೊಬ್ಬ ಕ್ಯಾಮೆರಾ ತೂಗುಹಾಕಿಕೊಂಡ ಎತ್ತರದ ಹುಡುಗ. ಕಿಟಕಿಗೆ ಕಟ್ಟಿದ ಕೂಸುಗಳನ್ನು ಕಂಡು ಹುಡುಗಿಯ ಮುಖ ಬಿಳಿಚಿಕೊಂಡಿತು.

"ಮೈ ಗಾಡ್. ಆಂಟಿ, ನೀವು ಬಚ್ಚಾಗಳನ್ನ ಕಟ್ಟಿ ಹಾಕ್ತೀರಾ? ನಾಯಿ ಥರ?"

"ಕಟ್ಟಿದ್ರ ಅಳತಾವ, ಕಟ್ಟದಿದ್ರ ಸಾಯತಾವರೀ" ಎಂದಳು ದೊಡ್ಡಕ್ಕ, ನಗುತ್ತಲೇ, ಚಹಾ ಮುಂದಿಟ್ಟು. ಹುಡುಗ ಫೋಟೋ ತೆಗೆದ. ಚಹಾ ಹಾಗೇ ಉಳಿಯಿತು.

ಅವರು ನಿರಾಕರಿಸುತ್ತಾರೆಂದೇ ನಾನು ತಿಳಿದಿದ್ದೆ. ಆದರೆ ಒಂದು ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣಕ್ಕೆ ಬರಲು ಕರೆ ಬಂತು. ದೊಡ್ಡಕ್ಕ ಗಂಟಿನಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಲೋಕಲ್ ರೈಲಿನಲ್ಲಿ ಸೀರೆ ಮುದುಡಬಾರದೆಂದು ಸೀಟು ಖಾಲಿಯಿದ್ದರೂ ಕೂರಲಿಲ್ಲ.

ಸಭಾಂಗಣದಲ್ಲಿ ಬೇರೆ ಸಂಸ್ಥೆಗಳವರೂ ಇದ್ದರು, ಕೆಲವರು ಹಿರಿಯರೂ ಇದ್ದರು. ನಮ್ಮ ಸರದಿ ಬಂದಾಗ ದೊಡ್ಡಕ್ಕನನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದರು. ಎತ್ತರದ ಹುಡುಗ ಫೋಟೋಗಳನ್ನು ಎಲ್ಲರಿಗೂ ಹಂಚಿದ. ಕನ್ನಡಕದ ಹುಡುಗಿ ಮೊಣಕಾಲೂರಿ ದೊಡ್ಡಕ್ಕನ ಪಕ್ಕ ಕುಳಿತಳು.

"ಆಂಟಿ, ನಿಮಗೆ ಸ್ವಂತ ಮಕ್ಕಳು ಇದ್ದಾರಾ?"

"ಇಲ್ರೀ."

"ಅದಕ್ಕೇ ಗೊತ್ತಾಗ್ತಿಲ್ಲ ನಿಮಗೆ. ತಪ್ಪು ತಿಳ್ಕೋಬೇಡಿ, ಜಸ್ಟ್ ಒಂದು ನಿಮಿಷ. ಆ ಬಚ್ಚಾಗೆ ಹೇಗೆ ಆಗತ್ತೆ ಅಂತ ನೀವೂ ಫೀಲ್ ಮಾಡಿ."

ತನ್ನ ದುಪಟ್ಟಾ ತೆಗೆದು ದೊಡ್ಡಕ್ಕನ ಸೊಂಟಕ್ಕೆ ಸುತ್ತಿ, ಕುರ್ಚಿಯ ಹಿಂದೆ ಗಂಟು ಹಾಕಿದಳು. ಆಮೇಲೆ ವೇದಿಕೆಯ ಅಂಚಿನಲ್ಲಿ ಒಂದು ಲಡ್ಡು ಇಟ್ಟು, "ಈಗ ಅದನ್ನ ತಗೊಳ್ಳಿ" ಎಂದಳು.

ದೊಡ್ಡಕ್ಕ ಏನೋ ಆಟವಿರಬೇಕೆಂದು ನಗುತ್ತಾ ಕೈ ಚಾಚಿದಳು. ಎಟುಕಲಿಲ್ಲ. ಏಳಲು ಹೋದಾಗ ಕುರ್ಚಿಯೂ ಬೆನ್ನಿಗಂಟಿ ಎದ್ದು ಅವಳು ಮುಗ್ಗರಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಹಿರಿಯರೂ. ನಾನು ಓಡಿಹೋಗಿ ಗಂಟು ಬಿಚ್ಚತೊಡಗಿದೆ. ದೊಡ್ಡಕ್ಕ ನನ್ನ ಮಣಿಕಟ್ಟನ್ನು ಹಿಡಿದು ಹಲ್ಲು ಕಚ್ಚಿ ಪಿಸುಗುಟ್ಟಿದಳು:

"ಬಿಡು. ಕುಂಡ್ರು ಹೋಗು. ಕೊಡಾವ್ರು ಅದಾರ, ತಪ್ಪಸಬ್ಯಾಡ."

"ನೋಡಿದ್ರಾ?" ಹುಡುಗ ಸಭೆಯ ಕಡೆ ತಿರುಗಿದ. "ಒಂದು ನಿಮಿಷ ಕೂಡ ತಡ್ಕೊಳ್ಳೋಕೆ ಆಗಿಲ್ಲ."

ಚಪ್ಪಾಳೆ ಬಿತ್ತು. ದೊಡ್ಡಕ್ಕನೂ ಚಪ್ಪಾಳೆ ತಟ್ಟಿದಳು. ಬಿಚ್ಚುವುದು ಎಲ್ಲರಿಗೂ ಮರೆತುಹೋಗಿ, ಮುಂದಿನ ಸಂಸ್ಥೆಯವರು ವೇದಿಕೆ ಹತ್ತುವ ತನಕ ಅವಳು ಹಾಗೇ ಕುಳಿತಿದ್ದಳು.

ಅನುದಾನ ನಮಗೇ ಸಿಕ್ಕಿತು, ಷರತ್ತುಗಳೊಂದಿಗೆ. ಕೂಸುಗಳನ್ನು ಕಟ್ಟಬಾರದು. ಬಡ ತಾಯಂದಿರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ಓದಿದವರು ನಡೆಸಬೇಕು, ಅಂದರೆ ನಾನು. ಆಂಟಿ ಮಕ್ಕಳ ಹತ್ತಿರ ಇರಕೂಡದು. ನಾನು ಒಲ್ಲೆನೆಂದೆ. ತಾಯಂದಿರು ಸಂಜೆ ಖೋಲಿಯಲ್ಲಿ ಸೇರಿದರು. ಯಾರಾದರೂ ಒಬ್ಬಳು ದೊಡ್ಡಕ್ಕನ ಪರ ಮಾತಾಡಿಯಾಳೆಂದು ನಾನು ಕಾದೆ.

"ಪುಕಟ ಅಂದ್ರ ಯಾಕ ಬ್ಯಾಡವಾ? ಹಾಲೂ ಕೊಡತಾರಂತ" ಎಂದಳು ಒಬ್ಬಳು. ಅವಳ ಮೂರು ಮಕ್ಕಳನ್ನೂ ದೊಡ್ಡಕ್ಕನೇ ಬೆಳೆಸಿದ್ದಳು. ಉಳಿದವರು ನೆಲ ನೋಡಿದರು. ದೊಡ್ಡಕ್ಕ ಎದ್ದು, ಬೀಗದ ಕೈ ನನ್ನ ಮಡಿಲಿಗೆ ಹಾಕಿ ಹೊರಗೆ ಹೋದಳು.

ಒಂದು ಮಾತು ಹೇಳಲೇಬೇಕು. ಆ ಹಣದಲ್ಲಿ ಬಾಗಿಲಿಗೆ ಮರದ ಅರ್ಧ ಗೇಟು ಹಾಕಿಸಿದೆವು, ಫ್ಯಾನು ಬಂತು, ದಿನವೂ ಹಾಲು ಬಂತು. ಬಿಡಿಸಿದ ಕೂಸುಗಳು ಖೋಲಿಯ ತುಂಬ ಕೇಕೆ ಹಾಕುತ್ತ ಹರಿದಾಡಿದವು. ಒಂದಕ್ಕೂ ಗಾಯವಾಗಲಿಲ್ಲ. ಕಟ್ಟುವುದರ ವಿಷಯದಲ್ಲಿ ಆ ಹುಡುಗಿ ಹೇಳಿದ್ದೇ ಸರಿಯಿತ್ತು. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು. ದೊಡ್ಡಕ್ಕ ಕೆಲವು ದಿನ ಗೇಟಿನಾಚೆ ನಿಂತು ನೋಡುತ್ತಿದ್ದಳು. ಕೂಸೊಂದು ಅವಳತ್ತ ಕೈ ಚಾಚಿದಾಗ ಅದರ ತಾಯಿಯೇ, "ಇಲ್ಲಿ ನಿಂದರಬ್ಯಾಡ, ಮಾಟುಂಗದವ್ರು ನೋಡಿದ್ರ ಹಾಲು ನಿಂತುಬಿಡತೈತಿ" ಎಂದು ಗದರಿದಳು. ಆಮೇಲೆ ದೊಡ್ಡಕ್ಕ ಬಿಲ್ಡಿಂಗ್‌ಗಳಲ್ಲಿ ಪಾತ್ರೆ ತಿಕ್ಕಲು ಹೋಗತೊಡಗಿದಳು.

ಮರುವರ್ಷ ನಾನು ಮಾಟುಂಗಕ್ಕೆ ಹೋದಾಗ ಕನ್ನಡಕದ ಹುಡುಗಿ ಪರೀಕ್ಷೆಗೆಂದು ಸಮಿತಿ ಬಿಟ್ಟಿದ್ದಳು. ಹೊಸ ಹುಡುಗನೊಬ್ಬ ನಯವಾಗಿ ಹೇಳಿದ: "ನಿಮ್ಮದು ಸಾಲ್ವ್ ಆಗಿದೆಯಲ್ಲಾ ದೀದಿ. ಈ ಸಲ ನಾವು ಅಂಧ ಕಲಾವಿದರ ವಾದ್ಯಮೇಳ ತಗೊಂಡಿದ್ದೀವಿ."

ತಾಯಂದಿರನ್ನು ಮೊದಲಿನಂತೆ ಚಿಲ್ಲರೆ ಕೇಳಿದರೆ, ಪುಕ್ಕಟೆ ಇದ್ದದ್ದಕ್ಕೆ ಈಗ ಯಾಕೆ ಕೊಡಬೇಕೆಂದು ನನ್ನನ್ನೇ ಸಂಶಯದಿಂದ ನೋಡಿದರು. ಬಾಡಿಗೆ ಕಟ್ಟುವುದು ನಿಂತಿತು. ಮಾಲೀಕ ಖೋಲಿಯನ್ನು ಬಳೆ ಪ್ಯಾಕ್ ಮಾಡುವವರಿಗೆ ಕೊಟ್ಟ.

ಆಗ ಎಲ್ಲರಿಗೂ ದೊಡ್ಡಕ್ಕ ನೆನಪಾದಳು. ಹಾಲಿನ ಮಾತಾಡಿದ್ದ ಆ ಹೆಂಗಸೇ ನಾಲ್ಕನೆಯ ಕೂಸನ್ನು ಎತ್ತಿಕೊಂಡು ಅವಳ ಮನೆಗೆ ಹೋದಳು, ಜೊತೆಗೆ ನಾನೂ. ದೊಡ್ಡಕ್ಕ ಊಟಕ್ಕೆ ಕುಳಿತಿದ್ದಳು. ಹೆಂಗಸು ಅತ್ತಳು, ಕಾಲಿಗೆ ಬಿದ್ದಳು, ಕೂಸನ್ನು ಅವಳ ತಾಟಿನ ಪಕ್ಕದಲ್ಲೇ ಇಳಿಸಿದಳು. ಕೂಸು ರೊಟ್ಟಿಗೆ ಕೈ ಹಾಕಿತು. ದೊಡ್ಡಕ್ಕ ತಾಟನ್ನು ಅದಕ್ಕೆ ಎಟುಕದಂತೆ ಸರಿಸಿಕೊಂಡಳು.

"ನಿನ್ನ ಕೂಸು, ನೀನ ಹೊರು."

ಅಷ್ಟೇ ಹೇಳಿ ಉಣ್ಣತೊಡಗಿದಳು. ನನ್ನ ಕಡೆ ನೋಡಲೂ ಇಲ್ಲ.

ನನಗೆ ಆ ಹೊತ್ತಿಗೆ ಫೋರ್ಟ್‌ನ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವಾಗ ನಾಕಾದಲ್ಲಿ ಆ ಹೆಂಗಸನ್ನು ಕಂಡೆ. ಕಂಕುಳಲ್ಲಿ ಕೂಸಿತ್ತು. ಮುಕಾದಮ ಬಂದು ಹೆಂಗಸರನ್ನು ಆರಿಸಿ ಟ್ರಕ್ಕು ಹತ್ತಿಸಿದ. ಕೂಸನ್ನು ನೋಡಿ, ಅವಳನ್ನು ಬಿಟ್ಟು, ಪಕ್ಕದವಳನ್ನು ಕರೆದ.