ಪರದೆಯ ಹಿಂದೆ ನಿಂತ ವಿಠಲಣ್ಣ

ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ ವಿಠಲಣ್ಣ ಹಾಡುತ್ತಿದ್ದರು. ಶ್ರುತಿ ಕದಲುತ್ತಿರಲಿಲ್ಲ. ಕಾರ್ಕಳದ ಕಡೆಯವರು, ಒಮಾನಿನ ರೂವಿಯಲ್ಲಿ ದರ್ಜಿ. ಐವತ್ತೈದು ದಾಟಿತ್ತು, ಮುಂದಿನ ಒಂದು ಹಲ್ಲಿರಲಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದ ನಾನು ಆ ದನಿ ಕೇಳಿ, "ನಮ್ಮ ನಾಟಕದಲ್ಲಿ ಹಾಡ್ತೀರಾ?" ಎಂದು ಕೇಳಿಯೇಬಿಟ್ಟೆ.

ನಾನು ಮೈಸೂರಿನವನು, ಅದೇ ನಗರದ ಅಲ್ ಖುವೈರ್‌ನಲ್ಲಿ ಇಂಜಿನಿಯರ್. ಗೆಳೆಯರ ಗುಂಪಿಗಾಗಿ ಒಂದು ಸಂಗೀತ ನಾಟಕ ಬರೆದಿದ್ದೆ. ಫ್ರಾನ್ಸಿನ ಪುಟ್ಟ ಹಳ್ಳಿ. ಅಲ್ಲೊಬ್ಬ ಬ್ರೆಡ್ ಸುಡುವವ, ಅವನು ಪ್ರೀತಿಸುವ ಹೂ ಮಾರುವ ವಿಧವೆ. ನಾಯಕನ ಪಾತ್ರ ವಿಠಲಣ್ಣನಿಗೇ ಕೊಟ್ಟೆ.

"ಬೆಳಿಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತಾನೆ ಇವ?" ಎಂದು ಮೊದಲ ದಿನವೇ ಕೇಳಿದರು.

"ಅದೆಲ್ಲ ಯಾಕೆ? ಹಾಡಿದರೆ ಸಾಕು."

"ಹಾಗಲ್ಲ ಮಾರಾಯ್ರೆ. ದಿನಾ ಕೈ ಸುಟ್ಟುಕೊಂಡವ ಹೂ ಹಿಡಿಯುವ ಕ್ರಮವೇ ಬೇರೆ ಉಂಟು."

ಒಂದು ವಾರ ಅಂಗಡಿ ತೆರೆಯುವ ಮುಂಚೆ ಗಲ್ಲಿಯ ರೊಟ್ಟಿ ಭಟ್ಟಿಯ ಎದುರು ನಿಂತು ನೋಡಿ ಬಂದರಂತೆ. ಆಮೇಲಿನ ತಾಲೀಮಿನಲ್ಲಿ ಅವರು ಬೆರಳತುದಿಯಲ್ಲಿ ಹೂ ಹಿಡಿದ ರೀತಿ ನೋಡಿ ವಿಧವೆಯ ಪಾತ್ರದ ಸುಮನಾ ತನ್ನ ಮಾತು ಮರೆತಳು.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ನಮ್ಮ ಕಂಪನಿಯ ಮ್ಯಾನೇಜರ್ ಮುಖ್ಯ ಅತಿಥಿ ಎಂದು ಗೊತ್ತಾಯಿತು. ನಾನು ಅಳುಕಿದೆ. ಹಲ್ಲಿಲ್ಲದ ದರ್ಜಿಯನ್ನು ಫ್ರೆಂಚ್ ಪ್ರೇಮಿ ಎಂದು ಅವರ ಮುಂದೆ ನಿಲ್ಲಿಸುವುದೇ ಎಂದುಕೊಂಡೆ. ಹಾಗೆ ಯೋಚಿಸಿದ್ದು ನಾನೇ, ಬೇರೆ ಯಾರೂ ಹೇಳಿದ್ದಲ್ಲ.

"ವಿಠಲಣ್ಣ, ಸ್ಟೇಜ್ ಮೇಲೆ ನಮ್ಮ ಆಫೀಸಿನ ಪ್ರಸಾದ್ ಇರ್ಲಿ. ನೀವು ಪರದೆ ಹಿಂದಿನಿಂದ ಹಾಡಿ."

ಅವರು ನೆಲ ನೋಡಿದರು. "ಆಯ್ತು. ಹೂವನ್ನು ಹೇಗೆ ಹಿಡಿಯುವುದೆಂದು ಅವರಿಗೆ ತೋರಿಸಿಕೊಡ್ತೇನೆ."

ಅವರು ತಮ್ಮ ಅಂಗಡಿಯ ಒಮಾನಿ ಮಾಲೀಕರನ್ನು ನಾಟಕಕ್ಕೆ ಮೊದಲೇ ಕರೆದಿದ್ದರೆಂದು ನನಗೆ ಗೊತ್ತಿರಲಿಲ್ಲ. ಪ್ರದರ್ಶನದ ದಿನ ಚಪ್ಪಾಳೆ ಮುಗಿದದ್ದೇ ಆ ಹಿರಿಯರು ಹಲ್ವಾ ಡಬ್ಬಿ ಹಿಡಿದು ವೇದಿಕೆಗೆ ಬಂದು, ವಿಠಲ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು.

"ಜ್ವರ. ಬರಲಿಲ್ಲ," ಎಂದೆ.

"ದನಿ ಅವನದೇ ಇತ್ತಲ್ಲ?"

"ರೆಕಾರ್ಡಿಂಗ್."

ಪರದೆ ನಮ್ಮಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಅದು ಅಲುಗಲಿಲ್ಲ. ಹಾಲ್ ಖಾಲಿಯಾಗುವವರೆಗೂ ವಿಠಲಣ್ಣ ಹೊರಗೆ ಬರಲಿಲ್ಲ.

ಅವರಿಗೆ ಮುಖ ತೋರಿಸಲು ನನಗೆ ಎಂಟು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಾಲೀಕರು ಅವರನ್ನು ದೂರದ ಸಹಮ್ ಊರಿನ ತಮ್ಮ ಇನ್ನೊಂದು ಅಂಗಡಿಗೆ ಕಳಿಸಿದ್ದರು. ಒಂದು ಶುಕ್ರವಾರ ಅಲ್ಲಿಗೇ ಹೋದೆ.

"ತಪ್ಪಾಯ್ತು ವಿಠಲಣ್ಣ. ನಿಮ್ಮ ಮಾಲೀಕರಿಗೆ ನಾನೇ ನಿಜ ಹೇಳ್ತೀನಿ."

"ಬೇಡ." ಹೊಲಿಗೆ ಯಂತ್ರ ನಿಲ್ಲಿಸಿದರು. "ನಾಟಕದ ಮರುದಿನ ಅರ್ಬಾಬ್, ನಮ್ಮ ಧಣಿ, ಮನೆಯಿಂದ ಸೂಪ್ ಮಾಡಿಸಿ ತಂದು, ಜ್ವರ ಬಿಟ್ಟಿತಾ ಕೇಳಿದರು. ಬಿಟ್ಟಿತು ಅಂತ ಹೇಳಿ ಕುಡಿದೆ. ಇಪ್ಪತ್ತು ವರ್ಷದಲ್ಲಿ ಅವರಿಗೆ ಹೇಳಿದ ಒಂದೇ ಸುಳ್ಳು ಅದು. ಈಗ ನೀವು ನಿಜ ಹೇಳಿದರೆ ಸುಳ್ಳುಗಾರ ಆಗುವುದು ನಾನು."

ಹೊರಗೆ ಕಾರು ನಿಂತಿತು. ಮಾಲೀಕರು ಒಳಬಂದು ನನ್ನ ಗುರುತು ಹಿಡಿದು ಕೈಕುಲುಕಿದರು. ಚೆಂದದ ನಾಟಕ, ಆ ದಿನ ವಿಠಲ್ ಇರಬೇಕಿತ್ತು, ಪಾಪ, ಜ್ವರ ಎಂದರು.

ವಿಠಲಣ್ಣ ನನ್ನನ್ನೇ ನೋಡುತ್ತಿದ್ದರು.

"ಹೌದು, ಪಾಪ," ಎಂದೆ.