ಅಜ್ಜನ ಬಂದೂಕಿನ ಕಸುವು

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ, ಹುಡುಗಿಯಂತೂ ಸಾಧ್ಯವೇ ಇಲ್ಲ ಎಂದು ಖಾತ್ರಿಯಾಗಿ ಹೇಳಿದವನು ನನ್ನ ಸೋದರಮಾವ ಈರಪ್ಪ. ಆಗಿನ್ನೂ ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ತಾವರಗೇರಾದ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ. ಆ ದಿನಗಳಲ್ಲಿ ಶೇಂಗಾ ಬಲಿಯಿತೆಂದರೆ ಗುಡ್ಡದ ಬಂಡೆಗಳ ಸಂದಿಯಿಂದ ಕರಡಿ, ಹಂದಿ ಹೊಲಕ್ಕೆ ಇಳಿಯುತ್ತಿದ್ದವು. ಸಾಲಿ ಬಿಟ್ಟೊಡನೆ ನಾವು ಮಕ್ಕಳು ಹೊಲಕ್ಕೆ ಓಡಿ, ಹಸಿ ಬಳ್ಳಿ ಕಿತ್ತು ಬೆಂಕಿಗೆ ಹಾಕಿ, ಕರಿ ಮೂತಿ ಮಾಡಿಕೊಂಡು ಸುಟ್ಟ ಶೇಂಗಾ ತಿನ್ನುತ್ತಿದ್ದೆವು. ಹೊಲ ಕಾಯಲು ಅಜ್ಜನ ಹತ್ತಿರ ಲೈಸೆನ್ಸಿನ ಬಂದೂಕಿತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ, ಸೀಸದ ಗುಂಡು ಇಳಿಸಿ, ಕೋಲಿನಿಂದ ಜಡಿಯುವ ಒಂಟಿ ನಳಿಗೆಯದು. ಇಲೆಕ್ಷನ್ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕಿತ್ತು. ಆಗ ಅಜ್ಜ ಮಗಳನ್ನು ಗಂಡನ ಮನೆಗೆ ಕಳಿಸಿದವನಂತೆ ಮೂಲೆ ಹಿಡಿದು ಕೂಡುತ್ತಿದ್ದ.

ಬಂದೂಕು ಮನೆಯಲ್ಲಿದ್ದಾಗ ಮಾತ್ರ ಚಹಾದ ಅಂಗಡಿಯಲ್ಲಿ ಅವನದೇ ಮಾತು. "ಒಂದ ಏಟು ಹೊಡದ್ನೆಪಾ ಅಂದ್ರ ಕರಡಿ ಬೀಳ್ತೈತಿ, ಹಿಂದಿನ ಬಂಡೆಗಲ್ಲೂ ಬಾಯಿ ಬಿಡ್ತೈತಿ."

ಆ ಸುಗ್ಗಿಯಲ್ಲಿ ಹಾಗೆಯೇ ಆಯಿತು. ಗುಡ್ಡದ ಬುಡದಲ್ಲಿ ಕರಡಿಯೊಂದು ಸತ್ತು ಬಿದ್ದಿತ್ತು. ಗುಂಡು ಒಂದು ಭುಜದಲ್ಲಿ ಹೊಕ್ಕು, ಎಲುಬು ಮುರಿದು, ಇನ್ನೊಂದು ಭುಜದಿಂದ ಹೊರಬಿದ್ದಿತ್ತು. ಹಿಂದಿನ ಬಂಡೆಯ ಚಕ್ಕೆ ಎದ್ದಿತ್ತು. ಎರಡು ದಿನ ಮೊದಲು ಜೀಪೊಂದು ಆ ಕಡೆ ಹೋದದ್ದನ್ನು ಕುರಿ ಕಾಯುವವರು ಕಂಡಿದ್ದರು. ಆದರೆ ಜೀಪಿನವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಅಜ್ಜ ಎಲ್ಲರಿಗೂ ಗೊತ್ತಿದ್ದ. ಅರಣ್ಯ ಇಲಾಖೆಯ ಸಾಹೇಬರು ಬಂದು ಬಂದೂಕು ವಶಕ್ಕೆ ತೆಗೆದುಕೊಂಡರು. ಊರು ನಮ್ಮ ಮನೆಯ ಕಡೆ ಓರೆಗಣ್ಣಿನಿಂದ ನೋಡತೊಡಗಿತು. ನಾನು ನೀರಿಗೆ ಹೋದರೆ ಬಾವಿಕಟ್ಟೆಯ ಮಾತು ನಿಲ್ಲುತ್ತಿತ್ತು.

ಅಜ್ಜನ ಬಂದೂಕಿಗೆ ಅಂಥ ಏಟು ಸಾಧ್ಯವೇ ಎಂದು ನಮ್ಮ ವಿಜ್ಞಾನದ ಸರ್ ಹತ್ತಿರ ಹೋಗಿ ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು.

"ದೊಡ್ಡ ಮಣ್ಣಿನ ಹೆಂಟಿ ಕೈಲೆ ಒಗೀತಿ, ಸಣ್ಣ ಹರಳು ಕವಣಿಲೆ ಬೀಸ್ತಿ. ಯಾವುದರ ಪೆಟ್ಟು ಹೆಚ್ಚು?"

"ಹರಳಿಂದ್ರಿ. ಅದು ಜೋರ ಹೋಗ್ತೈತಿ."

"ಅಷ್ಟ ನೋಡು. ಗುಂಡಿನ ತೂಕ ಎರಡು ಪಟ್ಟಾದ್ರ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದ್ರ ಶಕ್ತಿ ನಾಕು ಪಟ್ಟು. ನಳಿಗಿ ಬಾಯಿ ಬಿಡೂವಾಗ ಗುಂಡಿನ್ಯಾಗ ಎಷ್ಟು ಶಕ್ತಿ ಇರ್ತೈತೋ ಅದ ಅದರ ಬಂಡವಾಳ. ಮುಂದ ಬರೇ ಖರ್ಚು."

ದೊಡ್ಡ ರೈಫಲ್ಲಿನ ನಳಿಗೆಯಲ್ಲಿ ಗುಂಡು ಬಿಗಿಯಾಗಿ ಕೂರುತ್ತದೆ, ಮದ್ದಿನ ಒತ್ತಡವೆಲ್ಲ ಅದರ ಬೆನ್ನಿಗೇ ಬೀಳುತ್ತದೆ ಎಂದರು. ಅಜ್ಜನ ನಳಿಗೆಯಲ್ಲಿ ಗುಂಡು ಸಡಿಲ. ಅರ್ಧ ಕಸುವು ಪಕ್ಕದಿಂದ ಹೊಗೆಯಾಗಿ ಹೋಗುತ್ತಿತ್ತು.

ಚಾವಡಿಯಲ್ಲಿದ್ದ ಸಾಹೇಬರಿಗೆ ಇದನ್ನೆಲ್ಲ ಹೇಳಿ, ಕರಡಿಗೆ ಬಿದ್ದ ಏಟು ಅಜ್ಜನ ಬಂದೂಕಿನದಲ್ಲ ಎಂದೆ. ಅವರು ಕಣ್ಣು ಸಣ್ಣ ಮಾಡಿದರು. "ಯಾರು ಕಲಿಸಿ ಕಳಿಸ್ಯಾರ ನಿನಗ?"

"ಯಾರೂ ಕಳಿಸಿಲ್ರಿ. ಹಾರಿಸಿ ನೋಡ್ರಿ."

ಮನೆಯಲ್ಲಿ ಅಜ್ಜ ಕೆಂಡವಾಗಿದ್ದ. "ನನ್ನ ಬಂದೂಕಿಗೆ ಕಸುವಿಲ್ಲ ಅಂತ ಊರ ಮುಂದ ಹೇಳಾಕಿ ನೀನ ಏನು?"

"ಹೇಳ್ಲಿಲ್ಲಂದ್ರ ನಿನ್ನ ಜೇಲಿಗೆ ಒಯ್ತಾರ ಯಜ್ಜಾ."

"ಒಯ್ಲಿ. ಜೇಲಿನ್ಯಾಗ ಗಂಡಸರ ಇರ್ತಾರ."

ಮರುದಿನ ಊರೆಲ್ಲ ಹೊಲದ ಬದುವಿನಲ್ಲಿ ನೆರೆಯಿತು. ಜಾಲಿಯ ದಪ್ಪ ದಿಮ್ಮಿಯೊಂದನ್ನು ನಿಲ್ಲಿಸಿದರು. ಅಜ್ಜ ನಮಗೆಲ್ಲ ಬೆನ್ನು ಮಾಡಿ ಮದ್ದು ತುಂಬಿದ. ಮದ್ದು ಅಳೆಯುವ ಬಿದಿರಿನ ಕೊಳವೆ ಪೂರ್ತಿ ತುಂಬಿತ್ತೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಹಾರಿಸಿದ. ಹೊಗೆ ಚದುರಿದ ಮೇಲೆ ನೋಡಿದರೆ ಗುಂಡು ದಿಮ್ಮಿಯಲ್ಲಿ ಬೆರಳ ಗೆಣ್ಣಿನಷ್ಟೂ ಇಳಿದಿರಲಿಲ್ಲ. ಸಾಹೇಬರು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದರು. "ಇದು ಕರಡಿ ಎಲುಬು ಮುರದು ಆ ಕಡಿ ಹೊಂಟಿತ್ತಂತ?" ಎಂದು ತಮ್ಮವರ ಕಡೆ ತಿರುಗಿ ನಕ್ಕು, ಬಂದೂಕು ಮರಳಿ ಕೊಟ್ಟು ಹೋದರು.

ಕೇಸು ಹೋಯಿತು, ಅನುಮಾನ ಹೋಗಲಿಲ್ಲ. "ಮುದುಕ ಮದ್ದು ಕಡಿಮಿ ಹಾಕ್ಯಾನ. ಭಾಳ ಶಾಣ್ಯಾ ಅದಾನ" ಎಂದು ಚಹಾದ ಅಂಗಡಿಯವರು ಅವನ ಎದುರೇ ಅಂದರು. ಅಜ್ಜ ಇಲ್ಲವೆನ್ನಲಿಲ್ಲ, ಮೀಸೆಯಲ್ಲೇ ನಕ್ಕ. ಆ ನಗು ಕಂಡು ನನಗೂ ಸಂಶಯ ಹೊಕ್ಕಿತು. ಅಂಥ ಏಟು ಹೊಡೆಯಲು ಆ ಬಂದೂಕಿಗೆ ಆಗುವುದಿಲ್ಲ ಎಂದು ಲೆಕ್ಕ ಹೇಳುತ್ತಿತ್ತು. ಅವನ ನಗು ಬೇರೆಯೇ ಹೇಳುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ. ಆ ಸುಗ್ಗಿ ಮುಗಿಯುವವರೆಗೂ ಅವನು ನನ್ನ ಕೂಡ ಮಾತಾಡಲಿಲ್ಲ, ಮೊದಲಿನ ಹಾಗೆ ನನ್ನ ತಾಟಿಗೆ ಸುಲಿದ ಶೇಂಗಾ ಹಾಕಲಿಲ್ಲ.

ಬಂದೂಕಿನ ಲೈಸೆನ್ಸು ಮುಂದೆ ನವೀಕರಣವಾಗಲೇ ಇಲ್ಲ. ಒಂದು ಇಲೆಕ್ಷನ್ನಿಗೆ ಠಾಣೆ ಸೇರಿದ್ದು ಮತ್ತೆ ಮನೆ ಕಾಣಲಿಲ್ಲ. ಈಗ ನಮ್ಮ ಹೊಲಕ್ಕೆ ಸೋಲಾರ್ ತಂತಿ ಬೇಲಿ ಇದೆ. ಗುಡ್ಡದ ಅರ್ಧ ಬಂಡೆಗಳು ಜಲ್ಲಿಯಾಗಿ ಹೋದವು. ಹೊಲಕ್ಕೆ ಹೋಗುವ ಮಕ್ಕಳೂ ಇಲ್ಲ, ಮೂತಿ ಕರಿ ಮಾಡಿಕೊಳ್ಳುವ ಬೆಂಕಿಯೂ ಇಲ್ಲ. ಕರಡಿ ಕಂಡೆವೆಂದು ಯಾರಾದರೂ ಹೇಳಿದ್ದು ನಾನು ಕೇಳಿಲ್ಲ. ಸುಳ್ಳೋ ಖರೆಯೋ, ಊರಿಗೆ ಕೇಳುವಂತೆ ಬಡಾಯಿ ಕೊಚ್ಚುವ ಮುದುಕರೂ ಉಳಿದಿಲ್ಲ.

ಅಜ್ಜ ಇನ್ನೂ ಇದ್ದಾಗಲೇ, ಕೂಲಿ ಮಾಡಿ, ಒಂದು ವರ್ಷ ಓದು ಬಿಟ್ಟು, ಮತ್ತೆ ಹಿಡಿದು, ಕೊಪ್ಪಳದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಪಾಸಾದೆ. ಪ್ರಮಾಣಪತ್ರ ಕೈಗೆ ಬಂದ ದಿನ ನೇರ ಊರಿಗೆ ಹೋಗಿ ಹಾಸಿಗೆ ಹಿಡಿದಿದ್ದ ಅಜ್ಜನ ಕೈಯಲ್ಲಿಟ್ಟೆ. ಓದು ಬಾರದ ಅವನು ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಹತ್ತಿರ ಕರೆದ.

"ಅವತ್ತು ಮದ್ದು ಪೂರಾ ಅಳತಿನ ಹಾಕಿದ್ದೆ ತಂಗಿ. ಅದರ ಕಸುವ ಅಷ್ಟ ಇತ್ತು. ಊರಾಗ ಯಾರಿಗೂ ಹೇಳಬ್ಯಾಡ."