ಬೆಟ್ಟದ ಮೇಲೆ ಹೊರಿಸಿದ ಬೆಂಕಿ

ಎಣ್ಣೆಬಾವಿಯ ಕೆಲಸಕ್ಕೆ ಸೇರಿದ ಮೊದಲ ಸಂಜೆಯೇ ಇದನ್ನು ಬರೆಯುತ್ತಿರುವ ಆಸಾಮಿ ತನ್ನ ಮಾನವನ್ನು ತಾನೇ ಹರಾಜಿಗಿಟ್ಟ. ರಾಜಧಾನಿ ಕೀತೊದಲ್ಲಿ ಬೆಳೆದವನು. ಮೀಟರಿನ ಮುಳ್ಳು ನೋಡಿಕೊಂಡು ಕೂರುವುದಕ್ಕೆ ಸಂಬಳ. ಹೊತ್ತು ಮುಳುಗಿತ್ತು. ಮರಗಳಾಚೆ ಆಕಾಶ ಕೆಂಪಗೆ ಕುದಿಯುತ್ತಿತ್ತು, ಕಾಲಡಿಯ ನೆಲ ಗುಂಯ್‌ಗುಡುತ್ತಿತ್ತು. ರೆವೆಂತಾದೋರ್ ಜ್ವಾಲಾಮುಖಿ ಬಾಯಿಬಿಟ್ಟಿತು ಎಂದುಕೊಂಡವನೇ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ಚಡ್ಡಿಯಲ್ಲೇ ಓಡಿ, ಮೊದಲು ಸಿಕ್ಕಿದ ಅಂಗಳಕ್ಕೆ ನುಗ್ಗಿ, "ಬೆಟ್ಟ ಸಿಡೀತು! ಓಡಿ!" ಎಂದು ಅರಚಿದ.

ಅಂಗಳದಲ್ಲಿ ಒಬ್ಬ ಹೆಂಗಸು ಕೋಳಿಯ ಕತ್ತನ್ನು ಕೊರಡಿನ ಮೇಲಿಟ್ಟು ಮಚ್ಚು ಎತ್ತಿದ್ದಳು. ಇವನ ಕೂಗಿಗೆ ಬೆಚ್ಚದೆ ಮಚ್ಚು ಇಳಿಸಿದಳು. ಇವನ ತಲೆಯಿಂದ ಜಾರಿದ ಹಾಸಿಗೆಯ ಮೇಲೆ ತಲೆಯಿಲ್ಲದ ಕೋಳಿ ಎರಡು ಸುತ್ತು ಕುಣಿದು ಸತ್ತಿತು.

"ಬೆಟ್ಟ ಇರೋದು ಆ ಕಡೆ," ಎಂದು ಅವಳು ರಕ್ತದ ಮಚ್ಚನ್ನು ಪಡುವಣಕ್ಕೆ ಚಾಚಿದಳು. "ಇದು ನಿನಗೆ ಸಂಬಳ ಕೊಡೋನು ಹಚ್ಚಿದ ಬೆಂಕಿ ಕಣೋ. ಮೊದ್ಲು ಚಡ್ಡಿ ಮೇಲೆತ್ಕೋ."

ಅವಳೇ ದೆಲ್ಮಿರಾ ಕಬ್ರೆರಾ.

ಎಣ್ಣೆಯ ಜೊತೆ ಬಾವಿಯಿಂದ ಏಳುವ ಗ್ಯಾಸನ್ನು ಒಂದು ಎತ್ತರದ ಕೊಳವೆಯ ತುದಿಯಲ್ಲಿ ಹಗಲಿರುಳೂ ಸುಡುತ್ತಿದ್ದರು. ಊರವರು ಅದನ್ನು ದೀವಟಿಗೆ ಎನ್ನುತ್ತಿದ್ದರು. ದೆಲ್ಮಿರಾಳ ಬೇಲಿಯಿಂದ ಕಲ್ಲೆಸೆದರೆ ತಾಗುವಷ್ಟು ಹತ್ತಿರ. ಬೆಳಕಿಗೆ ಬಂದ ಜೀರುಂಡೆಗಳು ಹುರಿದು ಕೆಳಗೆ ಬೀಳುತ್ತಿದ್ದವು. ಅವಳ ಕೋಳಿಗಳು ಅವನ್ನೇ ಹೆಕ್ಕಿ ಕೊಬ್ಬಿದ್ದವು. ಕೋಕೋ ಗಿಡಗಳು ಮಾತ್ರ ಹೂವು ಬಿಟ್ಟಷ್ಟೇ ಬೇಗ ಹೂವು ಉದುರಿಸುತ್ತಿದ್ದವು.

ಬೆಂಕಿಗೂ ಅವಳಿಗೂ ಹಳೆಯ ನಂಟು. ಅಪ್ಪ ಲೋಹಾ ಸೀಮೆಯಿಂದ ಅವಳ ಕೈಹಿಡಿದು ಈ ಕಾಡಿಗೆ ಬಂದಾಗ ಸರ್ಕಾರದ ಕಟ್ಟಳೆ ಒಂದೇ: ಕೊಟ್ಟ ನೆಲದಲ್ಲಿ ಅರ್ಧ ಕಾಡು ಕಡಿದು ತೋರಿಸು, ಇಲ್ಲದಿದ್ದರೆ ನೆಲ ಬಿಡು. ಅಪ್ಪ ಕಡಿದ. ಒಂದು ದಿನ ಬೀಳುವ ಮರ ಬಳ್ಳಿಗೆ ಸಿಕ್ಕಿ ತಿರುಚಿಕೊಂಡು ಅವನ ಎದೆಯ ಮೇಲೆಯೇ ಬಿತ್ತು. ಎದೆಗೂಡು ಹಪ್ಪಳವಾಯಿತು. ಅವನನ್ನು ಹೂತ ವಾರವೇ ಹದಿಮೂರರ ಹುಡುಗಿ ಅದೇ ಕೊಡಲಿ ಎತ್ತಿಕೊಂಡಳು. ಕಡಿದದ್ದು ಒಣಗಿದ ಮೇಲೆ ಬೆಂಕಿ ಇಟ್ಟಳು. ಬೆಂಕಿ ಕಡಿದಷ್ಟಕ್ಕೇ ನಿಲ್ಲದೆ ಪಕ್ಕದ ಕಾಡಿಗೂ ಹಾರಿತು. ಮೈಗೆ ಕಿಚ್ಚು ಹತ್ತಿದ ಕೋತಿಗಳು ಮಕ್ಕಳ ಹಾಗೆ ಕಿರುಚುತ್ತ ಹೊಳೆಗೆ ಧುಮುಕಿದವು. ಸಾಯದೆ ಉಳಿದವನ್ನು ಅವಳು ಮಚ್ಚಿನಿಂದ ಒಂದೊಂದಾಗಿ ಮುಗಿಸಿದಳು, ಆ ಕಿರುಚಾಟ ಕೇಳಲಾರದೆ.

ಮುಂದೆ ಮದುವೆಯಾದದ್ದು ಅನ್ಸೆಲ್ಮೊನನ್ನು. ದೀವಟಿಗೆ ಬಂದ ಮೇಲೆ ಅವನಿಗೊಂದು ಕೂಲಿ ಸಿಕ್ಕಿತು. ಜಡಿಮಳೆಗೆ ಬೆಂಕಿ ಆರಿದಾಗ, ಕಲ್ಲಿಗೆ ಡೀಸೆಲ್ ಬಟ್ಟೆ ಕಟ್ಟಿ, ಹಚ್ಚಿ, ಕೊಳವೆಯ ಬಾಯಿಗೆ ಎಸೆಯಬೇಕು. ಗಾಳಿಗೆ ಬೆನ್ನು ಕೊಟ್ಟು ಎಸೆ ಎಂಬುದೊಂದೇ ಪಾಠ. ಆ ದಿನ ಗಾಳಿಯೇ ಇರಲಿಲ್ಲ. ಆರಿದ ಕೊಳವೆಯಿಂದ ಸೋರಿದ ಗ್ಯಾಸ್ ತಗ್ಗಿನಲ್ಲಿ ತುಂಬಿಕೊಂಡಿತ್ತು. ಅನ್ಸೆಲ್ಮೊ ಕೈ ಬೀಸಿದ್ದೇ ತಡ, ತಗ್ಗಿಗೆ ತಗ್ಗೇ ಹೊತ್ತಿ ಎದ್ದು ಅವನನ್ನು ನುಂಗಿತು. ಆದರೂ ನಡೆದೇ ಮನೆಗೆ ಬಂದ. ತೋಳಿನ ಚರ್ಮ ಹರಿದ ಅಂಗಿಯ ತೋಳಿನಂತೆ ಬೆರಳ ತುದಿಯಲ್ಲಿ ಜೋತಾಡುತ್ತಿತ್ತು. "ನೀರು ಕೊಡು" ಎಂದ. ಕೊಟ್ಟ ಲೋಟವನ್ನು ಹಿಡಿಯಲು ಬೆರಳುಗಳು ಮಡಚಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದವಳು ಒಂದೇ ಮಾತು ಹಿಡಿದಳು: ಈ ಬೆಂಕಿ ಆರಬೇಕು, ತಾನು ಸಾಯುವ ಮೊದಲು.

ಸೆಕೆ ಏರಿದ್ದಕ್ಕೂ ಕೋಕೋ ಹೂವು ಉದುರುವುದಕ್ಕೂ ದೀವಟಿಗೆಯೇ ಕಾರಣ ಎಂದು ಊರು ದೂರಿದಾಗ, ಬಾವಿಯ ಮೇಲ್ವಿಚಾರಕ ತೆರಾನ್ ಎಲ್ಲರನ್ನೂ ಶಾಲೆಯಲ್ಲಿ ಕೂರಿಸಿ ಸಮಾಧಾನ ಹೇಳಿದ. ನಕ್ಷೆ ಹಿಡಿದು ನಿಂತವನು ನಮ್ಮ ಹಾಸಿಗೆ ವೀರ, ಹಿಡಿದದ್ದು ತಲೆಕೆಳಗಾಗಿ.

"ನೋಡಿ, ಭೂಮಿ ಬಿಸಿಯಾಗ್ತಿರೋದು ನಮ್ಮ ಈ ಮೋಂಬತ್ತಿಯಿಂದಲ್ಲ," ಎಂದ ತೆರಾನ್. "ರೆವೆಂತಾದೋರ್ ಒಂದು ಸಲ ಕೆಮ್ಮಿದ್ರೆ ಸಾಕು, ಇದರ ನೂರರಷ್ಟು ಹೊಗೆ. ಬಿಸಿಲು ಏರುತ್ತೆ, ಇಳಿಯುತ್ತೆ. ಎಲ್ಲಾ ಪ್ರಕೃತಿದು."

ಬೆಟ್ಟ ಹೊಗೆಯುಗುಳುವುದು ಸುಳ್ಳಲ್ಲ. ಆದರೆ ಲೋಕದ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷವಿಡೀ ಉಗುಳುವ ಇಂಗಾಲ, ಮನುಷ್ಯರು ಸುಡುವುದರ ಮುಂದೆ ಕಾಡ್ಗಿಚ್ಚಿನ ಎದುರು ಚುಟ್ಟಾ ಸೇದಿದಂತೆ.

"ಅನ್ಸೆಲ್ಮೊನ್ನೂ ಬೆಟ್ಟವೇ ಸುಟ್ಟಿತಾ, ಸ್ವಾಮಿ?" ಎಂದಳು ದೆಲ್ಮಿರಾ.

"ಅವನು ಕುಡಿದಿದ್ದ, ಅಮ್ಮಾ."

"ನೀವು ಕುಡಿಸಿದ್ದು. ಗ್ಯಾಸ್!"

ಊರು ಕೊಳ್ಳೆಂದು ನಕ್ಕಿತು.

ಮಳೆ ಹಿಡಿಯುವ ಮೊದಲು ಎಣ್ಣೆ ಕಂಪನಿಯ ವಿರುದ್ಧ ಸೀಮೆಗೆ ಸೀಮೆಯೇ ಮುಷ್ಕರ ಹೂಡಿತು. ರಸ್ತೆಗೆ ಮರ ಉರುಳಿಸಿದರು, ಟೈರು ಸುಟ್ಟರು. ದೆಲ್ಮಿರಾ ನೆಟ್ಟಗೆ ಬಾವಿಗೆ ಹೋಗಿ ವಾಲ್ವಿನ ಚಕ್ರ ತಿರುಗಿಸಿ ಬಾವಿಯನ್ನೇ ಮುಚ್ಚಿದಳು. ದೀವಟಿಗೆ ಒಮ್ಮೆ ಬಿಕ್ಕಿ ಆರಿತು. ಎಷ್ಟೋ ವರ್ಷಗಳ ಮೇಲೆ ಅಲ್ಲಿ ಕಪ್ಪೆಯ ಸದ್ದು ಕೇಳಿಸಿತು. ಅವಳು ಚಕ್ರದ ಕಡ್ಡಿಗಳ ನಡುವೆ ಎಡಗೈ ತೂರಿಸಿ, ಹಿಂದಿನ ಕೊಳವೆಯನ್ನು ತಬ್ಬಿ ಕೂತುಬಿಟ್ಟಳು. ಬಲಗೈಲಿ ಮಚ್ಚು.

ಸೈನಿಕರು ಬಂದರು. ಅಶ್ರುವಾಯುವಿಗೆ ಜನ ಚದುರಿದರು. ಅವಳು ಕೆಮ್ಮುತ್ತ, ವಾಂತಿ ಮಾಡುತ್ತ ಅಲ್ಲೇ ಇದ್ದಳು.

"ತಿರುಗಿಸೋ!" ಎಂದ ತೆರಾನ್ ಮೀಟರಿನವನಿಗೆ.

"ಸಾರ್, ಕೈ ಒಳಗಿದೆ."

"ಕೈ ಅವಳದು. ಚಕ್ರ ನಮ್ದು."

ಮೀಟರಿನವನು ಹಿಂದೆ ಸರಿದ. ಕಾಲು ತೊಡರಿ ಎಣ್ಣೆಗುಂಡಿಗೆ ಬಿದ್ದದ್ದರಿಂದ ಆ ಧೈರ್ಯ ಯಾರ ಕಣ್ಣಿಗೂ ಬೀಳಲಿಲ್ಲ. ತೆರಾನ್ ತಾನೇ ಚಕ್ರಕ್ಕೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಭಾರ ಹಾಕಿ ಒತ್ತಿದ. ಹಸಿ ಕಬ್ಬು ಮುರಿದ ಸದ್ದಾಯಿತು. ಮೊಣಕೈ ಕೆಳಗೆ ಎಲುಬು ಬೆಳ್ಳಗೆ ಹೊರಬಂತು. ದೆಲ್ಮಿರಾ ತುಟಿ ಕಚ್ಚಿದಳು, ತುಟಿಯೂ ಹರಿಯಿತು. ಅವನು ಎರಡನೆಯ ಸಲ ಒತ್ತುವ ಮೊದಲು ಮಚ್ಚು ಬೀಸಿದಳು. ತೆರಾನನ ಎರಡು ಬೆರಳು ಹಾರಿ ಮಣ್ಣಿಗೆ ಬಿದ್ದವು. ಅಲ್ಲಿ ಬಿದ್ದದ್ದೆಲ್ಲ ತಮ್ಮದೇ ಎಂದು ರೂಢಿಯಾಗಿದ್ದ ಕೋಳಿಗಳಲ್ಲಿ ಒಂದು ಓಡಿಬಂದು ಒಂದು ಬೆರಳನ್ನು ಕಚ್ಚಿಕೊಂಡು ಬೇಲಿ ದಾಟಿತು. ಬಂದೂಕಿನ ಹಿಡಿ ಅವಳ ದವಡೆಗೆ ಬಿತ್ತು, ಮತ್ತೆ ಬಿತ್ತು. ಪ್ರಜ್ಞೆ ತಪ್ಪಿದ ಮೇಲೂ ಸಿಕ್ಕಿಕೊಂಡ ಕೈ ಚಕ್ರ ಬಿಡಲಿಲ್ಲ.

ಆ ಕೈಯ ಫೋಟೊ ರಾಜಧಾನಿಯ ಪತ್ರಿಕೆಯಲ್ಲಿ ಬಂತು. ನಾಚಿಕೆಯೋ ಹೆದರಿಕೆಯೋ, ಗ್ಯಾಸನ್ನು ಕರೆಂಟು ಮಾಡುವ ಯಂತ್ರಕ್ಕೆ ತಿರುಗಿಸಿ ಆ ದೀವಟಿಗೆಯನ್ನು ಕಿತ್ತರು. ಅಕ್ಕಪಕ್ಕದ ಊರುಗಳವು ಇಂದಿಗೂ ಉರಿಯುತ್ತಿವೆ. ಕೊಳೆತ ಕೈಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು. ಸೆರೆಮನೆಯಿಂದ ಅವಳು ಮರಳಿದಾಗ ಅಂಗಳದಲ್ಲಿ ಸಂಜೆಗತ್ತಲು ಇತ್ತು, ಬರೀ ಕತ್ತಲು.

ಮೀಟರಿನವನು ಬಾಳೆಕಾಯಿ ಗೊನೆ ಹೊತ್ತು ನೋಡಲು ಹೋದ. ಅವಳು ಕೊರಡಿನ ಬಳಿ ಕೋಳಿಯನ್ನು ಮಂಡಿಯಡಿ ಒತ್ತಿ ಹಿಡಿಯಲು ಹೆಣಗುತ್ತಿದ್ದಳು. ಅವನು ಸುಮ್ಮನಿರಬಹುದಿತ್ತು, ಇರಲಿಲ್ಲ.

"ದೆಲ್ಮಿರಮ್ಮಾ, ಒಂದು ಮಾತು. ಕಾಡು ಕಡಿದಿದ್ದೂ ನೀವೇ, ಸುಟ್ಟಿದ್ದೂ ನೀವೇ. ಭೂಮಿ ಕಾದಿದ್ರಲ್ಲಿ ನಿಮ್ಮ ಪಾಲೂ ಇಲ್ವಾ?"

ಅವಳು ತಲೆಯೆತ್ತಿದಳು. ಸೊಟ್ಟಗೆ ಕೂಡಿದ ದವಡೆ ಒಮ್ಮೆ ಅತ್ತಿತ್ತ ಆಡಿತು.

"ಇದೆ. ಸುಟ್ಟಿದ್ದು ನಾನೇ, ಬೆಟ್ಟ ಅಲ್ಲ. ಈಗ ಕೋಳಿ ಕಾಲು ಗಟ್ಟಿಯಾಗಿ ಹಿಡ್ಕೋ."